ನಾಣ್ಯ ತೂಗಲು ಕೂತ ಗಣಿತದ ಮೇಷ್ಟ್ರು

ನನ್ನ ಅಕ್ಕನ ಮಗಳು ಧಾರವಾಡದಲ್ಲಿ ಜೋಳದ ತಳಿಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಕಳೆದ ಬೇಸಿಗೆಯಲ್ಲಿ ಪುಣೆಗೆ ಬಂದವಳು ನಮ್ಮ ಪುಸ್ತಕದ ಕಪಾಟಿನ ಮುಂದೆ ನಿಂತು, "ಚಿಕ್ಕಮ್ಮ, ಇವರು ನಮ್ಮ ಕೋಸಂಬಿನಾ?" ಅಂತ ಕೇಳಿದಳು. ಅವಳ ಕೈಯಲ್ಲಿದ್ದದ್ದು ಭಾರತದ ಇತಿಹಾಸದ ಬಗ್ಗೆ ಡಿ. ಡಿ. ಕೋಸಂಬಿ ಬರೆದ ಪುಸ್ತಕ. ಜೋಳಕ್ಕೂ ಅವರಿಗೂ ಏನಪ್ಪಾ ಸಂಬಂಧ ಅಂತ ನಾನು ಅವಳ ಮುಖ ನೋಡಿದೆ.

ಅವಳು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ವಂಶವಾಹಿಗಳ ನಕ್ಷೆ ಮಾಡುವ ಸಾಫ್ಟ್‌ವೇರ್ ಅದು. ಒಂದು ಕಡೆ ಎರಡು ಹೆಸರು ಇರುತ್ತವೆ, ಒಂದನ್ನು ಆರಿಸಬೇಕು: ಹಾಲ್ಡೇನ್ ಅಥವಾ ಕೋಸಂಬಿ. ಅವರ ಲ್ಯಾಬಿನಲ್ಲಿ ಎಲ್ಲರೂ ಕೋಸಂಬಿ ಒತ್ತುತ್ತಾರಂತೆ. ಯಾರೋ ಜಪಾನಿನವರು ಇರಬೇಕು ಅಂದುಕೊಂಡಿದ್ದಳಂತೆ.

ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಒಂದು ವರ್ಣತಂತುವಿನ ಮೇಲೆ ಎರಡು ವಂಶವಾಹಿಗಳು ಎಷ್ಟು ದೂರದಲ್ಲಿವೆ ಅಂತ ಪಟ್ಟಿ ಇಟ್ಟು ಅಳೆಯಲು ಬರುವುದಿಲ್ಲ. ಮುಂದಿನ ಪೀಳಿಗೆಯಲ್ಲಿ ಅವು ಎಷ್ಟು ಸಲ ಒಂದನ್ನೊಂದು ಬಿಟ್ಟು ಹೋದವು ಅಂತ ಎಣಿಸಿ, ಅದರಿಂದ ದೂರವನ್ನು ಅಂದಾಜು ಮಾಡುತ್ತಾರೆ. ಇಲ್ಲೊಂದು ತೊಡಕಿದೆ. ಎರಡರ ನಡುವೆ ಎರಡು ಕಡೆ ತುಂಡು ಅದಲುಬದಲಾದರೆ ತುದಿಯವು ಮತ್ತೆ ಜೊತೆಗೇ ಉಳಿಯುತ್ತವೆ. ಏನೂ ಆಗಲೇ ಇಲ್ಲ ಅನ್ನಿಸುತ್ತದೆ. ಇದನ್ನು ಸರಿಪಡಿಸಲು ಹಾಲ್ಡೇನ್ 1919ರಲ್ಲಿ ಒಂದು ಸೂತ್ರ ಕೊಟ್ಟರು. ಒಂದು ಕಡೆ ಅದಲುಬದಲಾದರೆ ಪಕ್ಕದ ಜಾಗಕ್ಕೆ ಅದರ ಪರಿಣಾಮ ಇರುವುದಿಲ್ಲ ಅಂತ ಆ ಸೂತ್ರ ಇಟ್ಟುಕೊಂಡಿತ್ತು. ನಿಜದಲ್ಲಿ ಪರಿಣಾಮ ಇರುತ್ತದೆ, ಪಕ್ಕದಲ್ಲೇ ಇನ್ನೊಂದು ಆಗುವುದು ಕಡಿಮೆ. ಅದನ್ನೂ ಲೆಕ್ಕಕ್ಕೆ ಹಿಡಿದ ಸೂತ್ರವನ್ನು 1944ರಲ್ಲಿ ಬರೆದವರು ಕೋಸಂಬಿ. ಆಗ ಅವರು ಪುಣೆಯಲ್ಲಿದ್ದ ಗಣಿತದ ಮೇಷ್ಟ್ರು. ನಮ್ಮ ಮನೆಯಿಂದ ನಡೆದುಕೊಂಡು ಹೋಗುವಷ್ಟು ದೂರದ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು.

ಅವಳ ಕೋಸಂಬಿಯೂ ನನ್ನ ಕೋಸಂಬಿಯೂ ಒಬ್ಬರೇ.

ಇಂಥವರ ವಿಷಯ ಬಂದರೆ ನಾವು ಕನ್ನಡದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತೇವೆ. ಒಂದೋ 'ನಡೆದಾಡುವ ವಿಶ್ವಕೋಶ' ಅಂತ ಬಿರುದು ಕೊಟ್ಟು, ಶಾಲು ಹೊದಿಸಿ, ಕೈಮುಗಿದು ಮುಂದೆ ಹೋಗುತ್ತೇವೆ. ಶಿವರಾಮ ಕಾರಂತರಿಗೆ ಹಾಗೇ ಮಾಡಿದೆವು. ಇಲ್ಲವೇ ಸರ್ವಜ್ಞನ ತ್ರಿಪದಿ ಹೇಳುತ್ತೇವೆ, ಎಲ್ಲರಿಂದ ಒಂದೊಂದು ನುಡಿ ಕಲಿತು ವಿದ್ಯೆಯ ಪರ್ವತವೇ ಆದೆ ಅನ್ನುವುದನ್ನು. ಎರಡರಲ್ಲೂ ಇರುವ ಕಲ್ಪನೆ ಒಂದೇ. ಬಹಳ ತಿಳಿದವರು ಅಂದರೆ ಬಹಳ ಸಂಗ್ರಹ ಮಾಡಿದವರು, ಅಷ್ಟೇ. ನನಗೆ ಇದು ಸರಿ ಅನ್ನಿಸುವುದಿಲ್ಲ. ಸಂಗ್ರಹ ಮಾಡಿದವರು ನಮ್ಮ ಆಫೀಸಿನಲ್ಲೇ ಇದ್ದಾರೆ. ಊಟದ ಹೊತ್ತಿಗೆ ಕಪ್ಪು ರಂಧ್ರದಿಂದ ಕೀಟೋ ಡಯಟ್ ತನಕ ಯಾವುದರ ಬಗ್ಗೆ ಬೇಕಾದರೂ ಐದು ನಿಮಿಷ ಮಾತಾಡುತ್ತಾರೆ. ಆರನೇ ನಿಮಿಷಕ್ಕೆ ಏನಾದರೂ ಕೇಳಿದರೆ ಕೈ ತೊಳೆಯಲು ಎದ್ದುಹೋಗುತ್ತಾರೆ.

ಕೋಸಂಬಿಯವರದು ಬೇರೆಯೇ ಕಥೆ. ಅದನ್ನು ಅವರೇ ತಮ್ಮ ಬಗ್ಗೆ ಬರೆದ ಒಂದು ಪ್ರಬಂಧದಲ್ಲಿ ಹೇಳಿಕೊಂಡಿದ್ದಾರೆ. ಅವರಿಗೆ ಸಂಖ್ಯಾಶಾಸ್ತ್ರ ಕಲಿಯಬೇಕಿತ್ತು. ಪುಸ್ತಕ ಓದಿದರೆ ಸಾಲದು, ಕೈಯಿಂದ ಮಾಡಿ ನೋಡಲು ಒಂದು ನಿಜವಾದ ಸಮಸ್ಯೆ ಬೇಕು ಅನ್ನಿಸಿತು. ಸಿಕ್ಕಿದ್ದು ಹಳೆಯ ಬೆಳ್ಳಿ ನಾಣ್ಯಗಳು. ಮೌರ್ಯರ ಕಾಲದ, ಅದಕ್ಕೂ ಹಿಂದಿನ ಈ ನಾಣ್ಯಗಳ ಮೇಲೆ ಯಾವ ರಾಜನ ಹೆಸರೂ ಇಲ್ಲ. ಬೆಳ್ಳಿ ತಗಡನ್ನು ಕತ್ತರಿಸಿ ಸೂರ್ಯ, ಬೆಟ್ಟ, ಪ್ರಾಣಿ ಇಂಥ ಗುರುತು ಒತ್ತಿದ್ದಾರೆ ಅಷ್ಟೇ. ತಕ್ಷಶಿಲೆಯಲ್ಲಿ ಇವುಗಳ ದೊಡ್ಡ ನಿಧಿಗಳು ಸಿಕ್ಕಿದ್ದವು. ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಹೇಳುವುದು ಹೇಗೆ?

ಕೋಸಂಬಿ ತಕ್ಕಡಿ ಹಿಡಿದರು. ನಾಣ್ಯ ಕೈಯಿಂದ ಕೈಗೆ ಹೋದ ಹಾಗೆ ಸವೆಯುತ್ತದೆ. ಜಾಸ್ತಿ ಕಾಲ ಓಡಾಡಿದ್ದು ಜಾಸ್ತಿ ಸವೆದಿರುತ್ತದೆ. ಒಂದೊಂದೇ ನಾಣ್ಯ ನೋಡಿದರೆ ಏನೂ ತಿಳಿಯುವುದಿಲ್ಲ, ಟಂಕಿಸುವಾಗಲೇ ತೂಕದಲ್ಲಿ ಹೆಚ್ಚುಕಡಿಮೆ ಇರುತ್ತದಲ್ಲ. ಆದರೆ ಒಂದೇ ಗುಂಪಿನವನ್ನು ಸೇರಿಸಿ ಸರಾಸರಿ ತೆಗೆದರೆ ಚಿತ್ರ ಮೂಡುತ್ತದೆ. ನಾಣ್ಯದ ಹಿಂಬದಿಯಲ್ಲಿ ಸಣ್ಣ ಸಣ್ಣ ಗುರುತುಗಳೂ ಇದ್ದವು. ಆಗಾಗ ಪರೀಕ್ಷೆ ಮಾಡಿದ ವ್ಯಾಪಾರಿಗಳು ಒತ್ತಿದವು ಅವು ಅಂತ ಅವರ ಅಂದಾಜು. ಹಿಂದೆ ಗುರುತು ಹೆಚ್ಚಿದಷ್ಟೂ ಸರಾಸರಿ ತೂಕ ಇಳಿಯುತ್ತಾ ಹೋಯಿತು. ಅಂದಾಜಿಗೆ ಆಧಾರ ಸಿಕ್ಕಿತು. ಇದು ಪುರಾತನ ಬೆಳ್ಳಿಗೆ ಮಾತ್ರ ಸೇರಿದ್ದೋ ಎಲ್ಲ ನಾಣ್ಯಕ್ಕೂ ಹೀಗೆಯೋ ಅಂತ ನೋಡಲು ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನೂ ತೂಗಿದರು. ಹೀಗೆ ಸಾವಿರಾರು ನಾಣ್ಯ. (ಈಗ ಈ ಪ್ರಯೋಗ ಮಾಡಲು ಹೊರಟರೆ ಕಷ್ಟ. ನಮ್ಮ ಓಣಿಯ ತರಕಾರಿಯವಳೂ ಫೋನಿನಲ್ಲೇ ದುಡ್ಡು ಇಸಿದುಕೊಳ್ಳುತ್ತಾಳೆ. ಅವಳ ಹತ್ತಿರ ಸವೆದ ನಾಣ್ಯ ಎಲ್ಲಿಂದ ಬರಬೇಕು?)

ಇಲ್ಲಿಗೆ ನಿಲ್ಲಿಸಬಹುದಿತ್ತು. ಸಂಖ್ಯಾಶಾಸ್ತ್ರ ಕಲಿತಾಗಿತ್ತು. ಆದರೆ ನಾಣ್ಯಗಳ ಸಾಲು ಸಿಕ್ಕ ಮೇಲೆ, ಇವನ್ನು ಹೊರಡಿಸಿದವರು ಯಾರು ಅನ್ನುವ ಪ್ರಶ್ನೆ ಬಂತು. ಅದಕ್ಕೆ ಪುರಾಣ, ಬೌದ್ಧ ಗ್ರಂಥ, ಹಳೆಯ ಪಠ್ಯಗಳನ್ನು ನೋಡಬೇಕು. ಅದಕ್ಕೆ ಸಂಸ್ಕೃತ ಸರಿಯಾಗಿ ಬರಬೇಕು. ಮನೆಯಲ್ಲಿ ತಂದೆ ಧರ್ಮಾನಂದ ಕೋಸಂಬಿ ಪಾಲಿ ಭಾಷೆಯ ದೊಡ್ಡ ವಿದ್ವಾಂಸರು. ಮಗ ಮಾತ್ರ ಸಂಸ್ಕೃತದ ಆಳಕ್ಕೆ ಇಳಿದದ್ದು ನಾಣ್ಯದ ನೆಪದಲ್ಲಿ. ಇಳಿದವರು ಸುಮ್ನೆ ಬರಲಿಲ್ಲ. ಭರ್ತೃಹರಿಯ ಸುಭಾಷಿತಗಳ ನೂರಾರು ಹಸ್ತಪ್ರತಿಗಳನ್ನು ಹೋಲಿಸಿ, ಮೂಲಕ್ಕೆ ಹತ್ತಿರದ ಪಾಠ ಯಾವುದು ಅಂತ ಶೋಧಿಸಿ, 1948ರಲ್ಲಿ ಪ್ರಕಟಿಸಿದರು. ಅಲ್ಲೂ ಎಣಿಕೆಯೇ. ಯಾವ ಶ್ಲೋಕ ಎಷ್ಟು ಪ್ರತಿಗಳಲ್ಲಿ ಇದೆ, ಯಾವ ಪ್ರಾಂತ್ಯದ ಪ್ರತಿಯಲ್ಲಿ ಇಲ್ಲ, ಇದೆಲ್ಲ.

ಪಠ್ಯ ಓದಿದ ಮೇಲೆ ಇನ್ನೊಂದು ತಲೆನೋವು. ಗ್ರಂಥಗಳಲ್ಲಿ ರಾಜರೂ ಬ್ರಾಹ್ಮಣರೂ ಸಿಗುತ್ತಾರೆ. ದನ ಕಾಯುವವರು, ಗದ್ದೆ ಉಳುವವರು ಎಲ್ಲಿ? ಅವರನ್ನು ಹುಡುಕಲು ಕೋಸಂಬಿ ಮನೆಯ ಹಿಂದಿನ ಗುಡ್ಡ ಹತ್ತಿದರು. ಕೋಲು ಹಿಡಿದು ಪುಣೆಯ ಸುತ್ತಮುತ್ತ ನಡೆದರು. ಶಿಲಾಯುಗದವರು ಮಾಡಿದ ಉಗುರಿನಷ್ಟು ಸಣ್ಣ ಕಲ್ಲಿನ ಚೂರುಗಳನ್ನು ಆರಿಸಿದರು. ಊರಾಚೆ ಕೆಂಪು ಬಳಿದುಕೊಂಡು ಕೂತ ಮ್ಹಸೋಬಾ, ವೇತಾಳ, ಹೆಸರಿಲ್ಲದ ಅಮ್ಮಂದಿರ ಕಲ್ಲುಗಳ ಹತ್ತಿರ ನಿಂತು, ಪೂಜೆ ಮಾಡುವವರ ಜೊತೆ ಮಾತಾಡಿದರು. ಪಂಢರಾಪುರದ ಪಾಲಖಿ ಹೋಗುವ ದಾರಿಯ ಬದಿಯಲ್ಲೂ ಅಂಥ ಕಲ್ಲಿನ ಚೂರುಗಳು ಸಿಕ್ಕವು. ಹಾಗಾದರೆ ಈ ದಾರಿ ಪಲ್ಲಕ್ಕಿಯ ಜೊತೆ ನಡೆಯುವ ವಿಠ್ಠಲನ ಭಕ್ತರಾದ ವಾರಕರಿಗಳಿಗಿಂತ ಬಹಳ ಹಳೆಯದು, ಮಳೆ ಬಿಸಿಲು ನೋಡಿಕೊಂಡು ದನಕುರಿ ಹೊಡೆದುಕೊಂಡು ಅಲೆದವರ ದಾರಿ ಇದು ಅಂದರು. 1956ರಲ್ಲಿ ಬಂದ ಅವರ ಇತಿಹಾಸದ ಪುಸ್ತಕದಲ್ಲೂ ಆಮೇಲಿನ ಬರಹಗಳಲ್ಲೂ ಇದೆಲ್ಲ ಸೇರಿದೆ. ಅವರ ಎಲ್ಲ ತೀರ್ಮಾನಗಳೂ ಇವತ್ತು ನಿಂತಿಲ್ಲ. ಆದರೆ ಅವರ ಆಮೇಲೆ ಇತಿಹಾಸ ಬರೆದವರು ಗುಡ್ಡ ಹತ್ತದೆ ಇರುವುದು ಕಷ್ಟವಾಯಿತು.

ಗಣಿತ, ಸಂಖ್ಯಾಶಾಸ್ತ್ರ, ತಳಿಶಾಸ್ತ್ರ, ನಾಣ್ಯ, ಸಂಸ್ಕೃತ, ಇತಿಹಾಸ, ಪುರಾತತ್ವ. ಹೊರಗಿನಿಂದ ಎಣಿಸಿದರೆ ಏಳು. ಒಳಗಿನಿಂದ ನೋಡಿದರೆ ಬಹುಪಾಲು ಒಂದೇ ಪ್ರಶ್ನೆ. ಪ್ರಶ್ನೆ ಯಾವ ಬಾಗಿಲಿಗೆ ಹೋಯಿತೋ ಆ ಬಾಗಿಲಿಗೆ ಇವರೂ ಹೋದರು. ಆ ಮನೆಯ ಭಾಷೆ ಬರದಿದ್ದರೆ ಕಲಿತರು. ನಾನು ಹೇಳಬೇಕೆಂದಿರುವುದು ಇಷ್ಟೇ. ಮಿಕ್ಕವರನ್ನು ನೋಡಿದಾಗಲೂ ನನಗೆ ಹಾಗೇ ಕಾಣುತ್ತದೆ. ಕಾರಂತರು ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡುತ್ತಿದ್ದವರು. ಮಕ್ಕಳ ಕೈಗೆ ಕನ್ನಡದಲ್ಲಿ ಏನು ಕೊಡುವುದು ಅನ್ನುವಲ್ಲಿಂದ 'ಬಾಲ ಪ್ರಪಂಚ' ಬಂತು. ಅಲ್ಲಿಂದ ಮುಂದೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು.

ಪುಣೆಯ ಒಂದು ಸಣ್ಣ ಜಾಗದಲ್ಲಿ ಇಂಥವರು ಅಷ್ಟು ಜನ ಹೇಗೆ ಸೇರಿದರು ಅಂತ ನಾನು ಆಗಾಗ ಯೋಚಿಸುತ್ತೇನೆ. ಎರಂಡವಣೆಯ ನಮ್ಮ ಮನೆಯಿಂದ ಹನುಮಾನ್ ಟೇಕಡಿಗೆ ಹೋಗುವ ದಾರಿಯಲ್ಲಿ ಭಾಂಡಾರ್ಕರ್ ಸಂಸ್ಥೆ ಸಿಗುತ್ತದೆ. 1917ರಲ್ಲಿ ಶುರುವಾದದ್ದು. ಮಹಾಭಾರತದ ಪರಿಷ್ಕೃತ ಆವೃತ್ತಿ ಸಿದ್ಧವಾದದ್ದು ಅಲ್ಲೇ. 1919ರಲ್ಲಿ ಹಿಡಿದ ಕೆಲಸ 1966ಕ್ಕೆ ಮುಗಿಯಿತು. ಬೇರೆ ಬೇರೆ ಲಿಪಿಗಳ 1,259 ಹಸ್ತಪ್ರತಿಗಳನ್ನು ಹೋಲಿಸಿದರು. 1925ರಲ್ಲಿ ಅದರ ಪ್ರಧಾನ ಸಂಪಾದಕರಾಗಿ ಬಂದ ವಿ. ಎಸ್. ಸುಖಠಣಕರ್ ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತ! ಹಸ್ತಪ್ರತಿಗಳ ವಂಶವೃಕ್ಷ ಬರೆದು, ಯಾವ ತಪ್ಪು ಯಾವ ಕೊಂಬೆಯಲ್ಲಿ ಹುಟ್ಟಿತು ಅಂತ ಹಿಂದೆ ಹಿಂದೆ ಹೋಗುವ ಕೆಲಸಕ್ಕೆ ಅಂಥ ತಲೆಯೇ ಬೇಕಿತ್ತೋ ಏನೋ.

ಊರಿನ ಇನ್ನೊಂದು ತುದಿಯಲ್ಲಿ, ಯೆರವಡಾದ ಕಡೆ, ಡೆಕ್ಕನ್ ಕಾಲೇಜು. ಅಲ್ಲಿ 1948ರಲ್ಲಿ ಸಂಸ್ಕೃತದ ಒಂದು ಮಹಾ ನಿಘಂಟಿನ ಕೆಲಸ ಶುರು ಮಾಡಿದ ಎಸ್. ಎಂ. ಕತ್ರೆ ನಮ್ಮ ಹೊನ್ನಾವರದಲ್ಲಿ ಹುಟ್ಟಿದವರು. (ಊರಿನ ಅಭಿಮಾನ, ಕ್ಷಮಿಸಿ.) ಸುಮಾರು 1,500 ಗ್ರಂಥಗಳಿಂದ ಪದ ತೆಗೆದು ಚೀಟಿ ಮಾಡಿದರು. ಹತ್ತಿರ ಹತ್ತಿರ ಒಂದು ಕೋಟಿ ಚೀಟಿ. ಮೊದಲ ಸಂಪುಟ ಬಂದದ್ದು 1976ರಲ್ಲಿ. ಇಷ್ಟು ವರ್ಷದ ಮೇಲೂ ಅಚ್ಚಾಗಿರುವುದೆಲ್ಲ 'ಅ' ಅಕ್ಷರದ್ದೇ. ಅಲ್ಲಿ ಜೀವಮಾನ ಕಳೆದವರನ್ನು ಯಾರೂ ಬಹುಶ್ರುತರು ಅನ್ನುವುದಿಲ್ಲ, ಒಂದೇ ಕೆಲಸ ಹಿಡಿದು ಕೂತವರು ಅನ್ನುತ್ತಾರೆ. ಆದರೆ ಒಂದು ಪದದ ಅರ್ಥ ಬರೆಯಲು ಅವರು ವೈದ್ಯ, ತರ್ಕ, ಕುದುರೆ ಸಾಕಣೆ, ಮನೆ ಕಟ್ಟುವ ಶಾಸ್ತ್ರ ಎಲ್ಲವನ್ನೂ ತಡಕಬೇಕು. ಒಂದೇ ಕೆಲಸವನ್ನು ಬಿಡದೆ ಮಾಡಿದರೂ ಹತ್ತು ವಿದ್ಯೆ ಬೇಕಾಗುತ್ತದೆ ಅಂತಾಯಿತು.

ಅದೇ ಡೆಕ್ಕನ್ ಕಾಲೇಜಿನಲ್ಲಿ 1939ರಿಂದ ಇದ್ದವರು ಇರಾವತಿ ಕರ್ವೆ. ಬರ್ಲಿನ್‌ಗೆ ಹೋಗಿ ಮನುಷ್ಯರ ತಲೆಬುರುಡೆ ಅಳೆದು ಡಾಕ್ಟರೇಟ್ ಪಡೆದರು. ಬುರುಡೆಯ ಎಡ ಬಲಗಳ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧವಿದೆ ಅಂತ ಅವರ ಮಾರ್ಗದರ್ಶಕರ ನಂಬಿಕೆ. ಅಳತೆಯಲ್ಲಿ ಹಾಗೇನೂ ಕಾಣುತ್ತಿಲ್ಲ ಅಂತ ಇವರು ಬರೆದರು. ಆಗಿನ ಬರ್ಲಿನ್‌ನಲ್ಲಿ, ಹೊರದೇಶದ ಹುಡುಗಿಯೊಬ್ಬಳು. ಆಮೇಲೆ ಗುಜರಾತಿನ ಲಂಘಣಜ್‌ನಲ್ಲಿ ಸಿಕ್ಕ ಅಸ್ಥಿಪಂಜರಗಳು, ಊರೂರಿನ ಜನರ ಮೈಅಳತೆ, ಭಾರತದ ಬಂಧುತ್ವದ ಬಗ್ಗೆ 1953ರ ಪುಸ್ತಕ, ಪಂಢರಾಪುರದ ವಾರಿಯಲ್ಲಿ ನಡೆದ ಅನುಭವ, ಕೊನೆಗೆ ಮಹಾಭಾರತದ ಪಾತ್ರಗಳ ಬಗ್ಗೆ 'ಯುಗಾಂತ'. ಬಂಧುತ್ವದ ಪುಸ್ತಕ ಓದುವಾಗ ನನಗೆ ನಗು ಬಂತು. ಉತ್ತರದಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದು ನಿಷಿದ್ಧ. ದಕ್ಷಿಣದಲ್ಲಿ ಮಾವನ ಮಗಳೂ ಆಗಬಹುದು, ಅತ್ತೆಯ ಮಗಳೂ ಆಗಬಹುದು. ಮಹಾರಾಷ್ಟ್ರ ನಡುವೆ ನಿಂತಿದೆ, ಅಲ್ಲಿ ಮಾವನ ಮಗಳು ಮಾತ್ರ ನಡೆಯುತ್ತದೆ. ಪುಣೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಗಂಡನ ಮನೆಯವರ ನೆಂಟಸ್ತಿಕೆ ಅರ್ಥವಾಗದೆ ಪಟ್ಟ ಪಾಡಿಗೆ ಅಲ್ಲಿ ನಕ್ಷೆಯೇ ಇತ್ತು.

ಇಂಥ ಪಟ್ಟಿ ಮಾಡಿದಾಗ ಹೆಂಗಸರ ಹೆಸರು ಯಾಕೆ ಅಷ್ಟು ಕಡಿಮೆ? ಕಾರಣ ದೊಡ್ಡ ಗುಟ್ಟೇನಲ್ಲ. ಧರ್ಮಾನಂದ ಕೋಸಂಬಿ 1899ರಲ್ಲಿ ಹೆಂಡತಿ ಮತ್ತು ಹಸುಳೆ ಮಗಳನ್ನು ಗೋವಾದಲ್ಲಿ ಬಿಟ್ಟು ಜ್ಞಾನ ಹುಡುಕಿಕೊಂಡು ಹೊರಟರು. ಪುಣೆ, ಕಾಶಿ, ನೇಪಾಳ, ಶ್ರೀಲಂಕಾ ಸುತ್ತಿ ಪಾಲಿ ಕಲಿತು ಮರಳಿದರು. ನಾವು ಅವರನ್ನು ಗೌರವಿಸುತ್ತೇವೆ, ಗೌರವಿಸಬೇಕಾದದ್ದೇ. ಅವರ ಹೆಂಡತಿ ಹಾಗೇ ಹೊರಟಿದ್ದರೆ ಏನನ್ನುತ್ತಿದ್ದೆವು?

ಹೊರಡದೇ ವಿಧಿ ಇರಲಿಲ್ಲ ಅನ್ನುವಂಥ ಹೆಂಗಸೊಬ್ಬರು ನಮ್ಮ ಕಡೆಯಿಂದಲೇ ಪುಣೆಗೆ ಬಂದಿದ್ದರು. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ಕುದುರೆಮುಖದ ಕಾಡಿನ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಜನ ವಿರೋಧಿಸಿದರು, ಅವರು ಕಾಡು ಸೇರಿದರು. ತಾಯಿ ಮಗಳಿಗೆ ಕಲಿಸಿದರು. ಬರಗಾಲದಲ್ಲಿ ತಂದೆ ತಾಯಿ ತೀರಿಕೊಂಡ ಮೇಲೆ ಅಣ್ಣನ ಜೊತೆ ದೇಶವೆಲ್ಲ ನಡೆದ ಆ ಹುಡುಗಿಗೆ 1878ರಲ್ಲಿ ಕಲ್ಕತ್ತಾದ ವಿದ್ವಾಂಸರು 'ಪಂಡಿತಾ' ಅನ್ನುವ ಬಿರುದು ಕೊಟ್ಟರು. ಮುಂದೆ ಇಂಗ್ಲೆಂಡ್, ಅಮೆರಿಕ, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ನೊಂದ ಹೆಂಗಸರಿಗೆ ಆಶ್ರಯ. ವಯಸ್ಸಾದ ಮೇಲೆ ಹೀಬ್ರೂ ಮತ್ತು ಗ್ರೀಕ್ ಕಲಿತು ಬೈಬಲ್ಲನ್ನು ಸಾಮಾನ್ಯ ಜನರ ಮರಾಠಿಗೆ ತಂದರು. ಅಲ್ಲಿದ್ದ ಹೆಂಗಸರೇ ಮೊಳೆ ಜೋಡಿಸಿ ಅಚ್ಚು ಹಾಕಿದರು. ಧರ್ಮದ ವಿಷಯದಲ್ಲಿ ಅವರ ಜೊತೆ ಜಗಳವಾಡಿದವರು ಬಹಳ. ಆ ಜಗಳದಲ್ಲಿ ಅವರ ವಿದ್ಯೆಯ ಮಾತು ಎಲ್ಲೋ ಮೂಲೆಗೆ ಹೋಯಿತು.

ಕೋಸಂಬಿಗೆ ಮರಳುತ್ತೇನೆ. 1945ರ ಸುಮಾರಿಗೆ ಹೋಮಿ ಭಾಭಾ ಕೋಸಂಬಿಯವರನ್ನು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆದರು. ಕೆಲಸ ಮುಂಬೈಗೆ ಹೋಯಿತು, ಮನೆ ಪುಣೆಯಲ್ಲೇ ಉಳಿಯಿತು. ನಡುವೆ ಡೆಕ್ಕನ್ ಕ್ವೀನ್. ಬೆಳಗ್ಗೆ ಪುಣೆ ಬಿಟ್ಟು ರಾತ್ರಿ ವಾಪಸ್. 1930ರಿಂದ ಓಡುತ್ತಿರುವ ಈ ರೈಲಿನಲ್ಲಿ ಕೆಲವು ವರ್ಷ ನಾನೂ ಪಾಸ್ ಮಾಡಿಸಿ ಓಡಾಡಿದ್ದೇನೆ. ನಮ್ಮ ಬೋಗಿಯಲ್ಲಿ ಇಸ್ಪೀಟು, ಭಜನೆ, ಡೈನಿಂಗ್ ಕಾರಿನ ಕಟ್ಲೆಟ್ ಇವೇ ನಡೆಯುತ್ತಿದ್ದವು. ಅಷ್ಟು ಹೊತ್ತು ಕೂತು ಅವರು ಎಷ್ಟು ಓದಿರಬಹುದು ಅನ್ನಿಸುತ್ತಿತ್ತು. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ರೈಲು ಹೋಗುವುದು ಬೋರ್ ಘಾಟಿನ ಹಳೆಯ ವ್ಯಾಪಾರದ ದಾರಿಯ ಬಳಸಿನಲ್ಲೇ. ಮಳವಲಿಯ ಆಸುಪಾಸಿನಲ್ಲಿ ಕಾರ್ಲೆ, ಭಾಜೆ, ಬೇಡಸೆಯ ಬೌದ್ಧ ಗುಹೆಗಳಿವೆ. ಕಾರ್ಲೆಯ ಕಂಬಗಳ ಮೇಲೆ ದಾನ ಕೊಟ್ಟವರ ಹೆಸರುಗಳಿವೆ, ಯವನರದ್ದೂ, ಅಂದರೆ ಗ್ರೀಕರದ್ದೂ ಇವೆ. ಸನ್ಯಾಸಿಗಳ ಗುಹೆಗಳು ಘಾಟಿನ ತಲೆಯಲ್ಲೇ ಯಾಕೆ ಸೇರಿವೆ? ಸಮುದ್ರದಿಂದ ಸರಕು ಏರಿ ಬರುವ ಜಾಗ ಅದು. ಈ ನಂಟನ್ನು ಕೋಸಂಬಿ ಬಹಳ ಹಚ್ಚಿಕೊಂಡು ಬರೆದಿದ್ದಾರೆ. ಕೆಲಸಕ್ಕೆ ಹೋಗುವ ದಾರಿಯೇ ಅವರಿಗೆ ಕೆಲಸವಾಗಿತ್ತು.

ಕರೆದ ಭಾಭಾ ಕೂಡ ಒಂದೇ ಕೋಣೆಯ ಮನುಷ್ಯ ಅಲ್ಲ. ಕಾಸ್ಮಿಕ್ ಕಿರಣಗಳ ಭೌತಶಾಸ್ತ್ರಜ್ಞ, ಒಳ್ಳೆಯ ಚಿತ್ರಕಾರ, ಪಾಶ್ಚಾತ್ಯ ಸಂಗೀತದ ಹುಚ್ಚು, ಮರಗಿಡಗಳ ಬಗ್ಗೆ ಹಟ. ಕೊಲಾಬಾದ ಆ ಸಂಸ್ಥೆಯ ಗೋಡೆಗಳಲ್ಲಿ ಇವತ್ತಿಗೂ ಹುಸೇನರ ದೊಡ್ಡ ಭಿತ್ತಿಚಿತ್ರವಿದೆ. ಅಂಥ ಇಬ್ಬರು ಒಂದೇ ಸೂರಿನಡಿ ಸೇರಿದರೆ ಚೆಂದ ಇರಬೇಕಿತ್ತು ಅಲ್ವಾ? ಇರಲಿಲ್ಲ. ಭಾಭಾ ದೇಶಕ್ಕೆ ಅಣುಶಕ್ತಿ ಬೇಕು ಅಂದರು. ಇಷ್ಟು ಬಿಸಿಲಿರುವ ದೇಶದಲ್ಲಿ ಸೌರಶಕ್ತಿ ಬಿಟ್ಟು ಅದೇಕೆ ಅಂತ ಕೋಸಂಬಿ ಬಹಿರಂಗವಾಗಿ ಕೇಳಿದರು. ನಾಲಿಗೆಯೂ ಮೃದುವಲ್ಲ. ಎದುರಿನವರು ತಮಗಿಂತ ಕಡಿಮೆ ಓದಿದ್ದಾರೆ ಅನ್ನಿಸಿದರೆ ಮುಚ್ಚಿಡುವ ಜಾಯಮಾನವಲ್ಲ ಅವರದು.

ಆಮೇಲೆ ದೊಡ್ಡ ಪೆಟ್ಟು ಬಿತ್ತು. ಅವಿಭಾಜ್ಯ ಸಂಖ್ಯೆಗಳು ಹೇಗೆ ಹರಡಿವೆ ಅನ್ನುವುದಕ್ಕೆ ಸಂಬಂಧಿಸಿ ರೀಮನ್ 1859ರಲ್ಲಿ ಒಂದು ಊಹೆ ಮುಂದಿಟ್ಟಿದ್ದರು. ಅದನ್ನು ಸಾಧಿಸಿದ್ದೇನೆ ಅಂತ ಕೋಸಂಬಿ 1959ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪ್ರಕಟಿಸಿದ್ದು ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ. ಸಂಭವನೀಯತೆಯ ದಾರಿ ಹಿಡಿದಿದ್ದರು. ಸಾಧನೆ ನಿಲ್ಲಲಿಲ್ಲ. ಆ ಊಹೆ ಇವತ್ತಿಗೂ ಬಿಡಿಸದ ಗಂಟಾಗಿಯೇ ಇದೆ. ಗಣಿತದವರ ನಡುವೆ ಅವರ ಮಾನ ಹೋಯಿತು. 1962ರಲ್ಲಿ ಅವರ ನೇಮಕವನ್ನು ಮುಂದುವರಿಸಲಿಲ್ಲ. 1966ರ ಜೂನ್ 29ರಂದು ಪುಣೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. 58 ವರ್ಷ. ಭಾಭಾ ಅದೇ ವರ್ಷದ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ಹೋಗಿದ್ದರು.

ನನ್ನ ಪರಿಚಯದ ಗಣಿತದ ಪ್ರಾಧ್ಯಾಪಕರೊಬ್ಬರು ಈ ಕಥೆಯನ್ನು ಎಚ್ಚರಿಕೆಯಾಗಿ ಹೇಳುತ್ತಾರೆ. ಹತ್ತು ಕಡೆ ಕೈ ಹಾಕಿದರೆ ಹೀಗೇ ಆಗುವುದು ಅಂತ. ನನಗೆ ಇದು ಒಪ್ಪಿಗೆಯಿಲ್ಲ. ರೀಮನ್ ಊಹೆಯಲ್ಲಿ ಬಿದ್ದವರು ಒಂದೇ ವಿಷಯ ಹಿಡಿದವರಲ್ಲೂ ಬೇಕಾದಷ್ಟು ಜನ ಇದ್ದಾರೆ. ಕೋಸಂಬಿ ಎಡವಿದ್ದು ತಮ್ಮದೇ ಮನೆಯಲ್ಲಿ, ಗಣಿತದಲ್ಲಿ. ನಾಣ್ಯದ ವಿಷಯದಲ್ಲಿ ತಪ್ಪಿದ್ದರೆ ಹೇಳಲು ನಾಣ್ಯತಜ್ಞರಿದ್ದರು, ಸಂಸ್ಕೃತದಲ್ಲಿ ತಪ್ಪಿದ್ದರೆ ಭಾಂಡಾರ್ಕರ್ ಸಂಸ್ಥೆಯವರು ಬಿಡುತ್ತಿರಲಿಲ್ಲ. ಈ ಲೇಖನವನ್ನು ಮಾತ್ರ ಸಂಖ್ಯಾಸಿದ್ಧಾಂತದವರು ತಡೆದು ಪ್ರಶ್ನೆ ಕೇಳುವಂಥ ಜಾಗಕ್ಕೆ ಅವರು ಕೊಡಲಿಲ್ಲ. ಜಗಳವಾಡಿಕೊಂಡವರ ಹತ್ತಿರ ಹೋಗಿ 'ಸ್ವಲ್ಪ ನೋಡಿ' ಅನ್ನುವುದು ಯಾರಿಗಾದರೂ ಕಷ್ಟವೇ.

ಮುಂಬೈಯ ಮಾಟುಂಗದಲ್ಲಿ ನನ್ನ ದೊಡ್ಡಪ್ಪ ಇದ್ದಾರೆ. ಕುಮಟಾದಿಂದ ಹುಡುಗನಾಗಿದ್ದಾಗ ಬಂದು ಉಡುಪಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿ, ರಾತ್ರಿ ಶಾಲೆಯಲ್ಲಿ ಓದಿದವರು. ಆ ಕಾಲದ ಬಹಳ ಕನ್ನಡಿಗರ ಕಥೆ ಇದೇ. ರುಬ್ಬುವ ಕಲ್ಲಿನಿಂದ ಗಲ್ಲಾಪೆಟ್ಟಿಗೆವರೆಗೆ ಎಲ್ಲ ಕಡೆ ಇದ್ದರು. ಅವರಿಗೆ ಒಂದು ಪ್ರಶ್ನೆ ಹತ್ತಿಕೊಂಡಿತ್ತು. ಮಾಲೀಕರ ಎರಡು ಹೋಟೆಲು, ಅದೇ ಅಕ್ಕಿ, ಅದೇ ಉದ್ದು, ಅದೇ ಅಳತೆ. ಒಂದರಲ್ಲಿ ಹಿಟ್ಟು ಬೆಳಗಿನ ಜಾವಕ್ಕೆ ಹದವಾಗಿ ಉಬ್ಬುತ್ತದೆ, ಇನ್ನೊಂದರಲ್ಲಿ ಹುಳಿಯಾಗಿ ಕೂತಿರುತ್ತದೆ. ಯಾಕೆ?

ಫ್ಲೋರಾ ಫೌಂಟನ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಕೊಳ್ಳಲು ಶುರು ಮಾಡಿದ್ದು ಇದಕ್ಕೇ. ಹಿಟ್ಟು ಉಬ್ಬಿಸುವುದು ಉದ್ದಿನ ಜೊತೆಗೇ ಬರುವ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಅಂತ ಓದಿಕೊಂಡರು. ಹಾಗಾದರೆ ಉದ್ದು ಯಾವ ಊರಿನದು, ಯಾವ ಬೆಳೆಯದು ಅಂತ ಮಸೀದಿ ಬಂದರಿನ ದಲಾಲಿಗಳನ್ನು ಪೀಡಿಸಿದರು. ನೀರು, ಸೆಕೆ, ಗಾಳಿಯ ತೇವ ಎಲ್ಲ ಬರೆದಿಟ್ಟರು. ಆಮೇಲೆ ಇಡ್ಲಿ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋದರು. ಎರಡನೇ ಚಾವುಂಡರಾಯ 1025ರ ಸುಮಾರಿಗೆ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ, ಕಲ್ಯಾಣದ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಇಡ್ಲಿಯ ಹಿರಿಯರು ಸಿಗುತ್ತಾರೆ. ಬೇಸಾಯ, ಅಡುಗೆ, ವೈದ್ಯ, ಆನೆ, ಸಂಗೀತ ಎಲ್ಲವನ್ನೂ ಒಂದೇ ಗ್ರಂಥದೊಳಗೆ ತುಂಬುವುದು ಆಗಿನವರಿಗೆ ವಿಚಿತ್ರವಾಗಿ ಕಂಡಿರಲಾರದು. ಎರಡರಲ್ಲೂ ಉದ್ದು ಇದೆ, ಅಕ್ಕಿ ಇಲ್ಲ. ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ. ಟಿ. ಆಚಯ್ಯ ಈ ಬಗ್ಗೆ ಬರೆದಿರುವುದನ್ನು ದೊಡ್ಡಪ್ಪ ಗೆರೆ ಹಾಕಿ ಇಟ್ಟಿದ್ದಾರೆ. ಆಚಯ್ಯ ಎಣ್ಣೆಕಾಳುಗಳ ರಸಾಯನಶಾಸ್ತ್ರಜ್ಞರು, ಊಟದ ಚರಿತ್ರೆ ಬರೆದವರು. ಅಕ್ಕಿ ಯಾವಾಗ ಸೇರಿತು ಅನ್ನುವುದು ದೊಡ್ಡಪ್ಪನ ಈಗಿನ ಪ್ರಶ್ನೆ.

ಅವರು ದಿನಾ ವಾಕಿಂಗ್ ಹೋಗುವುದು ಭಾವು ದಾಜಿ ರಸ್ತೆಯಲ್ಲಿ. ಮೈಸೂರು ಅಸೋಸಿಯೇಷನ್ ಇರುವ ರಸ್ತೆ ಅದು, ಮುಂಬೈ ಕನ್ನಡಿಗರಿಗೆ ಹೇಳಬೇಕಿಲ್ಲ. ಭಾವು ದಾಜಿ ಲಾಡ್ ಗೋವಾದ ಮಾಂದ್ರೆಯವರು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಮೊದಲ ತಂಡದ ಡಾಕ್ಟರ್. ಕುಷ್ಠಕ್ಕೆ ಔಷಧಿ ಹುಡುಕುತ್ತಿದ್ದರು, ಅಜಂತಾದ ಶಾಸನಗಳನ್ನೂ ಓದುತ್ತಿದ್ದರು, ಸಂಸ್ಕೃತ ಕವಿಗಳ ಕಾಲ ಗೊತ್ತುಮಾಡುತ್ತಿದ್ದರು. 1874ರಲ್ಲಿ ತೀರಿಕೊಂಡರು. ಈ ಕಥೆಯನ್ನು ನನಗೆ ಹೇಳಿದ್ದೂ ದೊಡ್ಡಪ್ಪನೇ.

ಹೋದ ತಿಂಗಳು ಅವರಿಗೆ ಕೋಸಂಬಿಯ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಲ್ಲ ತಂಗಿ, ಆ ಮನುಷ್ಯನಿಗೆ ಪಗಾರ ಕೊಟ್ಟವರು ಯಾರು?" ಅಂದರು.

"ಗಣಿತಕ್ಕೆ ಕೊಡುತ್ತಿದ್ದರು ದೊಡ್ಡಪ್ಪ. ಮೊದಲು ಕಾಲೇಜು, ಆಮೇಲೆ ಮುಂಬೈ ಸಂಸ್ಥೆ."

"ನಾಣ್ಯ ತೂಗಿದ್ದಕ್ಕೆ?"

"ಅದಕ್ಕೆ ಯಾರು ಕೊಡುತ್ತಾರೆ?"

"ಹ್ಞಾ. ನನಗೂ ಹಿಟ್ಟಿಗೆ ಮಾತ್ರ ಕೊಡುತ್ತಿದ್ದರು," ಅಂದರು. ಆಮೇಲೆ ತೂಕದ ಸರಾಸರಿ ಹೇಗೆ ತೆಗೆದರು, ಟಂಕಿಸುವಾಗಿನ ವ್ಯತ್ಯಾಸ ಹೇಗೆ ಕಳೆದರು ಅಂತ ಕೇಳತೊಡಗಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಕೋಸಂಬಿ ಬರೆದ ಮೂಲ ಲೇಖನವೇ ಬೇಕಂತೆ. ಪ್ರಿಂಟ್ ತೆಗೆಸಿ ಕಳಿಸು, ಅಕ್ಷರ ದೊಡ್ಡದಿರಲಿ, ಕೋಷ್ಟಕ ಒಂದೂ ಬಿಡಬೇಡ ಅಂದಿದ್ದಾರೆ.